ಎಂಟು ದಿನದ ಇಟಲಿ

“ನಿನ್ನ ಪೀಸಾ ತೆಗಿ! ನನ್ನ ಮಿಲಾನ್ ಮುಟ್ಬೇಡ!”

ಚರಣ್ ರಬ್ಬರ್ ಹಿಡಿದು ಮೇಜಿನ ಮೇಲೆ ಬಗ್ಗಿದ. ನವ್ಯಾ ಎರಡೂ ತೋಳು ಹರಡಿ ಡ್ರಾಯಿಂಗ್ ಶೀಟಿನ ಮೇಲೆ ಮಲಗಿಯೇ ಬಿಟ್ಟಳು.

“ಅಮ್ಮಾ, ಕಾಣ್ ಇವ್ನ್ ಮಾಡುದ್! ಪೀಸಾ ಅಳಿಸುಕೆ ಬತ್ತ!”

“ಪೀಸಾದಲ್ಲಿ ಎಂತ ಇತ್ತ್ ಮಾರಾಯ್ತಿ? ಒಂದ್ ವಾಲಿದ್ ಕಟ್ಟಡ. ನಮ್ಮ ಐಸ್ ಪ್ಲಾಂಟಿನ ಗ್ವಾಡಿಯೂ ವಾಲಿತ್ತ್. ಅದ್ನೇ ಕಾಣ್, ಸಾಕ್.”

“ಹಾಂಗಾರೆ ಮಿಲಾನಲ್ಲಿ ಎಂತ ಇತ್ತ್? ಒಂದ್ ಗ್ರೌಂಡ್. ನಮ್ಮ ಶಾಲೆಯಲ್ಲೂ ಗ್ರೌಂಡ್ ಇತ್ತ್!”

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಇನ್ನೊಂದ್ ಸಲ ಜಗಳದ ಶಬ್ದ ಕೇಳಿರೆ ಇಬ್ರನ್ನೂ ಇಲ್ಲೇ ಬಿಟ್ ಹೋತೆ, ಕಾಣಿ.”

ಇಬ್ಬರೂ ಗಪ್‌ಚಿಪ್ ಆದರು. ಬಿಟ್ಟು ಹೋಗುವುದೆಂದರೆ ಸಣ್ಣ ಮಾತಲ್ಲ. ಅಮ್ಮ ಹೇಳುತ್ತಿದ್ದುದು ಕುಂದಾಪುರದ ಸಂತೆಗೆ ಹೋಗುವ ವಿಷಯವಲ್ಲ, ಇಟಲಿಗೆ ಹೋಗುವ ವಿಷಯ.

ಇಟಲಿಯಲ್ಲಿ ಇದ್ದವಳು ನಿಖಿತಾ ಅತ್ತೆ, ಅಪ್ಪನ ತಂಗಿ. ಗಂಗೊಳ್ಳಿಯ ಇದೇ ಮನೆಯಲ್ಲಿ ಬೆಳೆದವಳು. ನವ್ಯಾಳಿಗೆ ಜಡೆ ಹಾಕಿ, ಸ್ಲೇಟು ಹಿಡಿಸಿ, ಬಾಲವಾಡಿಗೆ ಕೈಹಿಡಿದು ಕರೆದುಕೊಂಡು ಹೋದವಳೂ ಅವಳೇ. ಮೀನುಗಳ ಬಗ್ಗೆ ಓದುತ್ತೇನೆಂದು ಹೋಗಿ ಮೂರು ವರ್ಷವಾಗಿತ್ತು. ವೆನಿಸ್ ಪಟ್ಟಣದ ಹತ್ತಿರ ಕಿಯೋಜಾ ಎಂಬ ಊರಲ್ಲಿ ಅವಳ ಮನೆ. ಈ ವರ್ಷ ಮೇ ತಿಂಗಳಿಗೆ ನಾಲ್ಕು ಜನರಿಗೂ ವಿಮಾನದ ಟಿಕೆಟ್ ಕಳಿಸಿ, “ಈ ಸಲ ಬರ್ದೇ ಇದ್ರೆ ನಾನ್ ಮಾತಾಡುದಿಲ್ಲೆ” ಎಂದಿದ್ದಳು.

ಅಪ್ಪ ಬಂದರಿನ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್. ಅವರಿಗೆ ಸಿಕ್ಕಿದ್ದು ಹತ್ತೇ ದಿನ ರಜೆ. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ಉಳಿದದ್ದು ಎಂಟು.

ಕುಂದಾಪುರದ ಟ್ರಾವೆಲ್ಸ್ ಆಫೀಸಿನ ಜಿತೇಂದ್ರಣ್ಣ ಅಪ್ಪನಿಗೆ ಹೇಳಿದ್ದರು: “ಚಂದ್ರಣ್ಣಾ, ವೀಸಾಕ್ಕೆ ಯಾವ ದಿನ ಯಾವ ಊರಲ್ಲಿ ಇರ್ತ್ರಿ ಅಂತ ಬರ್ದ್ ಕೊಡ್ಕ್. ಸೋಮವಾರದೊಳಗೆ ಬೇಕ್.”

ಮನೆಯಲ್ಲಿ ಎಲ್ಲರಿಗಿಂತ ಚೆಂದದ ಅಕ್ಷರ ನವ್ಯಾಳದ್ದು. ಐದನೇ ಕ್ಲಾಸಿನಲ್ಲಿ ಅವಳ ನೋಟ್‌ಬುಕ್ಕನ್ನು ಟೀಚರ್ ಎಲ್ಲರಿಗೂ ಎತ್ತಿ ತೋರಿಸುತ್ತಾರೆ. ಹಾಗಾಗಿ ಆ ಕೆಲಸ ಅವಳ ಪಾಲಿಗೆ ಬಂತು.

“ಎಲ್ರಿಗೂ ಒಪ್ಪು ಹಾಂಗೆ ಮಾಡ್ ಮಗಾ,” ಎಂದಿದ್ದರು ಅಪ್ಪ.

ಒಪ್ಪುವ ಹಾಗೆ ಮಾಡುವುದೇ ಕಷ್ಟವಾಗಿತ್ತು. ಅಪ್ಪನಿಗೆ ರೋಮ್ ನೋಡಬೇಕು. “ಎರಡ್ ಸಾವಿರ ವರ್ಷದ ಕಲ್ಲಿನ ಕಟ್ಟಡ ಇನ್ನೂ ನಿಂತಿತ್ತಂಬ್ರ್. ನಮ್ಮ ಪ್ಲಾಂಟಿನ ಸಿಮೆಂಟ್ ಎರಡ್ ಮಳೆಗಾಲ ತಡಿಲಿಲ್ಲೆ,” ಎನ್ನುವರು. ಅಮ್ಮನಿಗೆ ವೆನಿಸ್. ರಸ್ತೆಯ ಬದಲು ನೀರೇ ಇರುವ ಊರಿನಲ್ಲಿ ಹೆಂಗಸರು ತರಕಾರಿ ತರಲು ಹೇಗೆ ಹೋಗುತ್ತಾರೆ ಎಂದು ಅವರಿಗೆ ನೋಡಬೇಕಿತ್ತು. ಚರಣ್‌ಗೆ ಮಿಲಾನಿನ ಫುಟ್‌ಬಾಲ್ ಮೈದಾನ, ಅದರ ಜೊತೆಗೆ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೈ. ಜಿತೇಂದ್ರಣ್ಣ ಬೇರೆ, “ಅಷ್ಟ್ ದೂರ ಹೋಯಿ ಫ್ಲಾರೆನ್ಸ್ ಕಾಣ್ದೆ ಬಂದ್ರೆ ಜನ ನಗಾಡ್ತ್ರ್” ಎಂದು ಹೆದರಿಸಿದ್ದರು.

ನವ್ಯಾಳಿಗೆ ಪೀಸಾ. ವಾಲಿದ ಗೋಪುರವನ್ನು ಒಂದೇ ಕೈಯಲ್ಲಿ ತಡೆದು ನಿಲ್ಲಿಸಿದ ಹಾಗೆ ಫೋಟೋ ತೆಗೆಸಿಕೊಳ್ಳುವುದನ್ನು ಅವಳು ಕನ್ನಡಿಯ ಎದುರು ಪ್ರಾಕ್ಟೀಸ್ ಮಾಡಿದ್ದಳು. ಕ್ಲಾಸಿನ ಮೂವತ್ತೆರಡು ಮಕ್ಕಳಿಗೂ ಹೇಳಿಯಾಗಿತ್ತು.

ಆ ಗುರುವಾರ ಸಂಜೆ ಶೀಟಿನ ಮೇಲೆ ಎಂಟು ಚೌಕ ಬರೆದು, ಊರುಗಳನ್ನು ಪೆನ್ಸಿಲಿನಲ್ಲಿ ತುಂಬಿಸಿ, ಅಳಿಸಿ, ಮತ್ತೆ ತುಂಬಿಸಿದರು. ಯಾವ ರೈಲಿಗೆ ಎಷ್ಟು ಗಂಟೆ ಎಂದು ಚರಣ್ ಮೊಬೈಲಿನಲ್ಲಿ ನೋಡಿ ಹೇಳಿದ. ಕೊನೆಗೆ ಎಲ್ಲವೂ ಹಿಡಿಸಿತು. ಮಿಲಾನ್ ಒಂದು ದಿನ, ಪೀಸಾ ಒಂದು, ಫ್ಲಾರೆನ್ಸ್ ಒಂದು, ರೋಮ್ ಎರಡು, ಪೊಂಪೈ ಒಂದು, ವೆನಿಸ್ ಒಂದು. ಬಾಕಿ ಒಂದು ದಿನ ರೈಲಿಗೆ. ನವ್ಯಾ ಎಲ್ಲದರ ಮುಂದೆ ಹಸಿರು ಸ್ಕೆಚ್ ಪೆನ್ನಿನಲ್ಲಿ ರೈಟ್ ಮಾರ್ಕ್ ಹಾಕಿದಳು.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. “ಅತ್ತೆ ಮನೆ ಎಲ್ಲಿ ಹಾಕ್ದೆ?”

“ಶುರೂಗೇ ಇತ್ತಲೆ ಅಮ್ಮ. ವಿಮಾನ ಇಳ್ದ್ ರಾತ್ರಿ. ಅಲ್ಲಿ ದೊಡ್ಡ ಬ್ಯಾಗ್ ಇಟ್ಟ್, ಮಲ್ಕಂಡ್, ಬೆಳಿಗ್ಗೆ ಎದ್ದ್ ಮಿಲಾನಿಗೆ ಹೋಪ್ದ್.”

ಮೊದಲ ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಅತ್ತೆ ಮನೆ, ಬ್ಯಾಗ್ ಇಡಲು.

ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಅಪ್ಪನ ಕಡೆ ತಿರುಗಿದರು. ಅಪ್ಪ ಕನ್ನಡಕ ಏರಿಸಿ ಓದಿದರು. “ಆತ್ ಬಿಡ್. ಅವ್ಳ್ ನಮ್ಮವ್ಳೇ ಅಲ್ದಾ,” ಎಂದರು.

ಆಗಲೇ ಶೀಟಿನ ಫೋಟೋ ತೆಗೆದು ಅತ್ತೆಗೆ ಕಳಿಸಿದರು. ಎರಡು ನಿಮಿಷದಲ್ಲಿ ವಿಡಿಯೊ ಕಾಲ್ ಬಂತು. ಇಲ್ಲಿ ಸಂಜೆಯಾದರೂ ಅಲ್ಲಿ ಇನ್ನೂ ಮಧ್ಯಾಹ್ನ. ಅತ್ತೆ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದಳು.

“ಅಬ್ಬಾ! ಎಂಟ್ ದಿನದಲ್ಲಿ ಇಷ್ಟ್ ಊರಾ? ಯಾರ್ ಮಾಡದ್ದ್ ಇದ್?”

“ನಾನ್!” ಎಂದಳು ನವ್ಯಾ.

“ಚಂದ ಬರ್ದಿದ್ದಿ ಮಗಾ. ಅಕ್ಷರ ಮುತ್ತಿನ ಹಾಂಗಿತ್ತ್.” ಅತ್ತೆ ಫೋನನ್ನು ಹತ್ತಿರ ಹಿಡಿದು ಮತ್ತೊಮ್ಮೆ ಓದುತ್ತಿರುವಂತೆ ಕಂಡಿತು. “ನಂಗೆ ರಜೆ ಕಮ್ಮಿ. ರೋಮಿಗೆ ಶನಿವಾರ, ಭಾನುವಾರ ನಿಮ್ಮೊಟ್ಟಿಗೆ ಬತ್ತೆ. ಬಾಕಿ ಊರಿಗೆಲ್ಲ ರೂಮು, ರೈಲು ನಾನೇ ಬುಕ್ ಮಾಡ್ತೆ. ಹೆದ್ರ್‌ಕಣ್ಬೇಡಿ.”

ಬ್ರೆಡ್ ಪಕ್ಕಕ್ಕಿಟ್ಟು ಕೇಳಿದಳು, “ಹಾಂಗಾರೆ ನಮ್ಮನೆಗೆ... ಒಂದ್ ರಾತ್ರಿ ಅಲ್ದಾ?”

“ಹೌದತ್ತೆ! ಬ್ಯಾಗ್ ಇಡುಕೆ!”

ಅತ್ತೆ ನಕ್ಕಳು. “ಆಯ್ತ್, ಆಯ್ತ್. ಬ್ಯಾಗಿಗೆ ಜಾಗ ಇತ್ತ್.” ಆಮೇಲೆ ಕೆಲಸ ಇದೆ ಎಂದು ಫೋನ್ ಇಟ್ಟಳು.

ಆ ನಗು ಸ್ವಲ್ಪ ಬೇಗ ಮುಗಿದ ಹಾಗೆ ನವ್ಯಾಳಿಗೆ ಅನ್ನಿಸಿತು. ಆದರೆ ಅವಳ ತಲೆಯಲ್ಲಿ ಆಗ ಬೇರೊಂದು ಸಡಗರ ತುಂಬಿತ್ತು. ಭಾನುವಾರ ವಿಶಾಲ್ ಬರುವವನಿದ್ದ.

ವಿಶಾಲ್ ಮುಂಬೈಯ ಕಿಟ್ಟ ಮಾವನ ಮಗ. ಕಿಟ್ಟ ಮಾವ ಅಮ್ಮನ ಅಣ್ಣ. ವಿಶಾಲ್‌ಗೂ ನವ್ಯಾಳಿಗೂ ಒಂದೇ ವಯಸ್ಸು. ವರ್ಷವಿಡೀ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಹೋಳಿಗೆಂದು ಅವನಿಗೆ ಮೂರು ದಿನ ರಜೆ ಸಿಕ್ಕಿತ್ತು. ಕೋಟೇಶ್ವರದಲ್ಲಿ ಅವನ ಅಮ್ಮನ ತವರುಮನೆಗೆ ಮೂವರೂ ಬಂದು ಉಳಿಯುವವರಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆಯವರೆಗೆ ಇರುತ್ತೇವೆ ಎಂದಿದ್ದರು.

ಒಮ್ಮೆ ಫೋನಿನಲ್ಲಿ ವಿಶಾಲ್ ಕೇಳಿದ್ದ, “ಐಸ್ ಪ್ಲಾಂಟಲ್ಲಿ ಐಸ್ ಎಷ್ಟು ದೊಡ್ಡದು ಇರುತ್ತೆ? ಫ್ರಿಜ್‌ನಷ್ಟಾ?”

“ನಿನ್ನಷ್ಟ್ ಉದ್ದ!” ಎಂದಿದ್ದಳು ನವ್ಯಾ. ಅವನು ನಂಬಿರಲಿಲ್ಲ.

ಅದಕ್ಕೇ ಅವಳು ಶುಕ್ರವಾರ ಅಪ್ಪನಿಗೆ ದುಂಬಾಲು ಬಿದ್ದಳು. ಐಸ್ ಕಟ್ಟಲು ನೀರು ತುಂಬಿದ ದೊಡ್ಡ ಕ್ಯಾನುಗಳನ್ನು ಇಳಿಬಿಡುವ ತಣ್ಣನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಒಂದು ಎಣ್ಣೆ ಡಬ್ಬಿಗೂ ಜಾಗ ಮಾಡಿಸಿದಳು. ಡಬ್ಬಿಗೆ ಒಳ್ಳೆಯ ನೀರು ತುಂಬಿ, ಎರಡು ಕೆಂಪು ದಾಸವಾಳ, ಒಂದು ಹಿಡಿ ಬಣ್ಣದ ಚಿಪ್ಪು, ಬಲೆಯಲ್ಲಿ ಸಿಕ್ಕಿ ಒಣಗಿದ್ದ ಒಂದು ನಕ್ಷತ್ರ ಮೀನು ಹಾಕಿದಳು. ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿನಲ್ಲಿ ತಂದರು. ಡಬ್ಬಿ ಕವುಚಿದಾಗ ಜಾರಿ ಬಂದ ಐಸ್ ಗಾಜಿನ ಹಾಗೆ ಹೊಳೆಯಿತು. ಮಧ್ಯದಲ್ಲಿ ದಾಸವಾಳ ಆಗಷ್ಟೇ ಅರಳಿದಂತೆ ನಿಂತಿತ್ತು. ಚರಣ್ ಕೂಡ “ಸೂಪರ್ ಇತ್ತ್” ಎಂದ.

ನವ್ಯಾ ಅದನ್ನು ಹರಿವಾಣದಲ್ಲಿಟ್ಟು ಜಗಲಿಯ ನೆರಳಿನಲ್ಲಿ ಕಾದಳು. ಮೊದಲು ಐಸ್ ತೋರಿಸುವುದು. ಆಮೇಲೆ ಪ್ಲಾಂಟ್. ಆಮೇಲೆ ಅಪ್ಪನ ಗೆಳೆಯನ ದೋಣಿಯಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯವರೆಗೆ. ಅಲ್ಲಿ ಮರಳ ದಿಬ್ಬದ ಮೇಲೆ ಸಾವಿರ ಹಕ್ಕಿಗಳು ಒಟ್ಟಿಗೆ ಕೂತಿರುತ್ತವೆ.

ಹತ್ತು ಹೊಡೆಯಿತು. ಹನ್ನೊಂದಾಯಿತು. ಅಮ್ಮ ಕೋಳಿ ಸಾರು ಇಳಿಸಿ, ಕಾಣೆ ಮೀನಿಗೆ ಮಸಾಲೆ ಹಚ್ಚಿ, ನೀರುದೋಸೆ ಎರೆಯಲು ಕೂತರು. ಒಂದಕ್ಕೆ ಫೋನ್ ಮಾಡಿದರೆ ಕಿಟ್ಟ ಮಾವ ಹೇಳಿದರು, “ಕೊಲ್ಲೂರಲ್ಲಿ ಕ್ಯೂ ಜೋರಿತ್ತ್ ತಂಗಿ. ವಂಡ್ಸೆ ದಾಟ್ತಾ ಇತ್ತ್ ಗಾಡಿ. ಇಗಾ, ಬಂದ್ ಮುಟ್ದೊ.”

ಐಸ್‌ನ ಮೂಲೆಗಳು ಕರಗಿ ದುಂಡಗಾದವು. ನವ್ಯಾ ಹರಿವಾಣದ ನೀರನ್ನು ಮೂರು ಸಲ ಚೆಲ್ಲಿದಳು.

ಕಾರು ಬಂದಾಗ ಒಂದೂಮುಕ್ಕಾಲು.

“ಬನ್ನಿ, ಬನ್ನಿ! ಕೈಕಾಲ್ ತೊಳ್ಕಣಿ, ಉಂಬ,” ಎಂದು ಅಮ್ಮ ಅಂಗಳಕ್ಕೇ ಓಡಿದರು.

“ಬೇಗ ಬಡ್ಸ್ ವನಜಾ, ಟೈಮ್ ಇಲ್ಲೆ,” ಎಂದರು ಕಿಟ್ಟ ಮಾವ. “ನಾಲ್ಕಕ್ಕೆ ಮುರ್ಡೇಶ್ವರದಲ್ಲಿ ಇರ್ಕ್. ಅಲ್ಲಿಂದ ಬಪ್ಪತಿಗೆ ಮರವಂತೆಯಲ್ಲಿ ಸನ್‌ಸೆಟ್. ನಾಳೆ ಆನೆಗುಡ್ಡೆ, ಉಡುಪಿ, ರಾತ್ರಿ ಟ್ರೈನ್.”

ಅಮ್ಮನ ಕೈಯಲ್ಲಿದ್ದ ತಂಬಿಗೆ ಒಂದು ಕ್ಷಣ ಹಾಗೇ ನಿಂತಿತು. “ಈಗ ಬಂದದ್ದಷ್ಟೇ ಅಲ್ದಾ ಅಣ್ಣ? ಸಂಜೆ ತನಕ ಇರ್ತ್ರಿ ಅಂದಿದ್ರಿ...”

“ಎಂತ ಮಾಡುದ್ ಮಾರಾಯ್ತಿ? ಮೂರೇ ದಿನ. ನಿಮ್ಮನೆ ಎಲ್ಲಿಗೆ ಓಡ್ತಿತ್ತ್?”

ಅವರು ಕೂತರು. ಮಾವನ ಒಂದು ಕಣ್ಣು ಎಲೆಯ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ. ದಾರಿಯಲ್ಲಿ ಎಳನೀರು, ಬನ್ಸ್ ಆಗಿದೆ ಎಂದು ವಿಶಾಲ್‌ನ ಅಮ್ಮ ಎರಡೇ ದೋಸೆ ತಿಂದರು. ಅಮ್ಮ ಮತ್ತೆ ಮತ್ತೆ ಸೌಟು ಹಿಡಿದು ಬಂದು ಹಾಗೇ ಹಿಂದೆ ಹೋದರು.

ನವ್ಯಾ ವಿಶಾಲ್‌ನ ಕೈ ಹಿಡಿದು ಜಗಲಿಗೆ ಎಳೆದಳು. “ಕಾಣ್! ನಿಂಗೇ ಅಂತ ಮಾಡದ್ದ್!”

ಐಸ್ ಈಗ ಅರ್ಧಕ್ಕಿಂತ ಕಮ್ಮಿ ಇತ್ತು. ಒಂದು ದಾಸವಾಳ ಹೊರಗೆ ಬಂದು ನೀರಿನಲ್ಲಿ ಬಾಡಿ ಬಿದ್ದಿತ್ತು. ಆದರೂ ವಿಶಾಲ್‌ನ ಕಣ್ಣು ಅಗಲವಾದವು. ಅವನು ಅಂಗೈ ಒತ್ತಿದ. “ವಾವ್! ಇದ್ರೊಳಗೆ ಸ್ಟಾರ್‌ಫಿಶ್ ಹೇಗೆ ಹೋಯ್ತು? ಪ್ಲಾಂಟ್ ಎಲ್ಲಿ? ಹತ್ರಾನಾ? ಓಡಿ ಹೋಗಿ ಬರೋಣ್ವಾ?”

“ಐದೇ ನಿಮಿಷ! ಬಾ!”

“ವಿಶಾಲ್! ಚಪ್ಪಲ್ ಹಾಕ್ಕೋ!” ಒಳಗಿನಿಂದ ಮಾವ ಕೂಗಿದರು.

“ಪಪ್ಪಾ, ಐಸ್ ಪ್ಲಾಂಟ್...”

“ನೆಕ್ಸ್ಟ್ ಟೈಮ್ ಪಕ್ಕಾ. ಎಲ್ರೂ ಬನ್ನಿ, ಒಂದ್ ಫೋಟೋ ಹೊಡಿವ.”

ಎಲ್ಲರೂ ಬಾಗಿಲ ಎದುರು ನಿಂತರು. ಫೋಟೋ ಆಯಿತು. ಮಾವ ಮೊಬೈಲಿನಲ್ಲಿ ಒಂದು ಪಟ್ಟಿ ತೆರೆದು ಬೆರಳಿನಿಂದ ಒತ್ತಿದರು. ಹತ್ತಿರವೇ ನಿಂತಿದ್ದ ನವ್ಯಾಳಿಗೆ ಅದು ಕಂಡಿತು. ಕೊಲ್ಲೂರಿನ ಎದುರು ಒಂದು ಹಸಿರು ರೈಟ್ ಮಾರ್ಕ್. ಈಗ ಅದರ ಕೆಳಗೆ ಇನ್ನೊಂದು.

“ಗಂಗೊಳ್ಳಿ ಆಯ್ತ್,” ಎಂದರು ಮಾವ.

ಕಾರು ಹೋದಾಗ ಎರಡೂವರೆಯೂ ಆಗಿರಲಿಲ್ಲ. ಹಿಂದಿನ ಗಾಜಿನಲ್ಲಿ ವಿಶಾಲ್ ತಿರುಗಿ ಕೂತು ತಿರುವಿನವರೆಗೂ ಕೈ ಬೀಸುತ್ತಲೇ ಇದ್ದ.

ನವ್ಯಾ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಅಮ್ಮ ಬಂದು ಪಕ್ಕದಲ್ಲಿ ಕೂತರು. ಅವರ ಕೈಯಲ್ಲಿ ನೀರುದೋಸೆಯ ಪಾತ್ರೆ. ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು.

“ಅಮ್ಮ, ಅವ್ರಿಗೆ ನಮ್ಮನೆಗೆ ಬಪ್ಕೆ ಮನಸ್ಸ್ ಇರ್ಲಿಲ್ಯಾ?”

“ಮನಸ್ಸ್ ಇಲ್ದೆ ಅಲ್ಲ ಮಗಾ. ಪಾಪ, ಅವ್ರಿಗೂ ದಿನ ಇಲ್ಲೆ. ಎಲ್ಲ ಕಾಣ್ಕ್ ಅಂತ ಆಸೆ ಇರ್ತಿತ್ತಲೆ.” ಅಮ್ಮ ಪಾತ್ರೆಯ ಮುಚ್ಚಳ ಸರಿ ಮಾಡಿದರು. “ನಾನೊಂದ್ ಹುಚ್ಚಿ. ಬೆಳಿಗ್ಗೆ ಐದಕ್ಕೆದ್ದ್ ಅಕ್ಕಿ ಅರ್ದೆ.”

ಅಮ್ಮ ನಗಲು ನೋಡಿದರು. ಆ ನಗು ಬೇಗ ಮುಗಿದುಹೋಯಿತು.

ನವ್ಯಾ ಅಮ್ಮನ ಮುಖವನ್ನೇ ನೋಡಿದಳು. ಇಂಥದೇ ನಗುವನ್ನು ಮೊನ್ನೆ ಗುರುವಾರ ನೋಡಿದ್ದೇನೆ ಎಂದು ಅವಳಿಗೆ ಥಟ್ಟನೆ ನೆನಪಾಯಿತು.

ಅವಳು ಎದ್ದು ಒಳಗೆ ಹೋದಳು. ಮೇಜಿನ ಮೇಲೆ ಶೀಟ್ ಇತ್ತು. ಎಂಟು ಚೌಕ, ಹಸಿರು ರೈಟ್ ಮಾರ್ಕುಗಳು, ಮೂಲೆಯಲ್ಲಿ ಅವಳದೇ ಮುತ್ತಿನಂಥ ಅಕ್ಷರ. ಅತ್ತೆ ಮನೆ, ಬ್ಯಾಗ್ ಇಡಲು.

ಅವಳು ರಬ್ಬರ್ ತೆಗೆದುಕೊಂಡು ಮೊದಲು ಪೀಸಾ ಅಳಿಸಿದಳು. ಸ್ಕೆಚ್ ಪೆನ್ನಿನ ಮಾರ್ಕ್ ಹೋಗಲಿಲ್ಲ. ಕಾಗದ ಸ್ವಲ್ಪ ಹರಿಯಿತು. ಅವಳು ಶೀಟನ್ನು ತಿರುಗಿಸಿ, ಹಿಂದುಗಡೆ ಹೊಸದಾಗಿ ಚೌಕ ಹಾಕತೊಡಗಿದಳು.

ಚರಣ್ ಹಿಂದೆ ಬಂದು ಇಣುಕಿದ. “ಎಂತ ಮಾಡ್ತಿದ್ದಿ? ಪೀಸಾ ಎಲ್ಲಿ?”

“ತೆಗ್ದೆ.”

“ಎಂತಕ್ಕೆ? ಕ್ಲಾಸಲ್ಲೆಲ್ಲ ಹೇಳ್ಕಂಡ್ ಬಂದಿದ್ದಿ!”

“ಅತ್ತೆ ಮನೆಗೆ ದಿನ ಸಾಕಾತಿಲ್ಲೆ.” ನವ್ಯಾ ತಲೆ ಎತ್ತಲಿಲ್ಲ. “ಮೂರ್ ವರ್ಷದಿಂದ ಅವ್ಳ ಮನೆಗೆ ಯಾರೂ ಹೋಯಿಲ್ಲೆ. ನಾವ್ ಬ್ಯಾಗ್ ಇಟ್ಟ್ ಓಡ್ದ್ರೆ... ಅವ್ಳೂ ಅಮ್ಮನ ಹಾಂಗೇ ದೋಸೆ ಹಿಡ್ಕಂಡ್ ಕೂಕಂಬ್ದಾ?”

ಚರಣ್ ಜಗಲಿಯ ಕಡೆ ನೋಡಿದ. ಅಲ್ಲಿ ಅಮ್ಮ ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು.

“ಮಿಲಾನ್ ಮಾತ್ರ ಬಿಡುದಿಲ್ಲೆ,” ಎಂದ ಕೊನೆಗೆ.

“ನಿನ್ ಮಿಲಾನ್ ಯಾರ್ ಕೇಳ್ದ್ರ್? ಒಂದ್ ದಿನ ಇರ್ಲಿ.”

ಅವನು ಕುರ್ಚಿ ಎಳೆದು ಕೂತ. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ, “ಪೊಂಪೈ ಬಪ್ಪ ಸಲ ಕಾಂಬ. ಎರಡ್ ಸಾವಿರ ವರ್ಷ ಕಾದಿತ್ತಲೆ, ಇನ್ನೊಂದೆರಡ್ ವರ್ಷ ಕಾಯ್ಲಿ.”

ಅಪ್ಪ ಬಂದು ಹೊಸ ಶೀಟ್ ನೋಡಿದಾಗ ಸಂಜೆ ಆರು. ಅತ್ತೆ ಮನೆ ನಾಲ್ಕು ದಿನ. ಅದರಲ್ಲೇ ಒಂದು ದಿನ ಬಸ್ಸಿನಲ್ಲಿ ವೆನಿಸಿಗೆ ಹೋಗಿ ರಾತ್ರಿ ವಾಪಸ್ಸು. ಮಿಲಾನ್ ಒಂದು, ರೋಮ್ ಎರಡು, ರೈಲಿಗೆ ಒಂದು. ಅಪ್ಪ ಎರಡು ಸಲ ಓದಿದರು.

“ಜಿತೇಂದ್ರ ನಗಾಡ್ತ ಕಾಣ್, ಫ್ಲಾರೆನ್ಸೂ ಇಲ್ಲೆ,” ಎಂದರು. ಆದರೆ ಹಾಗೆನ್ನುವಾಗ ಅವರ ಕೈ ನವ್ಯಾಳ ತಲೆಯ ಮೇಲಿತ್ತು. “ಮಾಡ್, ನೀನೇ ಫೋನ್ ಮಾಡ್ ಅವ್ಳಿಗೆ.”

ಅತ್ತೆ ಮನೆಯಲ್ಲೇ ಇದ್ದಳು. ಭಾನುವಾರವಾದ್ದರಿಂದ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು.

“ಅತ್ತೆ, ಪ್ಲಾನ್ ಚೇಂಜ್ ಆಯ್ತ್. ಕೇಂತಾ?” ನವ್ಯಾ ಶೀಟನ್ನು ಕ್ಯಾಮೆರಾದ ಎದುರು ಹಿಡಿದಳು. “ನಿನ್ ಮನೆಗೆ ನಾಕ್ ದಿನ.”

ಫೋನಿನಲ್ಲಿ ಅತ್ತೆಯ ಮುಖ ಅಲುಗಾಡಲೇ ಇಲ್ಲ.

“ನೆಟ್‌ವರ್ಕ್ ಹೋಯ್ತಾ?” ಎಂದು ಚರಣ್ ಬಗ್ಗಿ ನೋಡಿದ.

ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಅತ್ತೆಯ ಹಿಂದಿನ ಪರದೆ ಗಾಳಿಗೆ ಅಲ್ಲಾಡುತ್ತಿರುವುದು ನವ್ಯಾಳಿಗೆ ಕಾಣುತ್ತಿತ್ತು.

“ನಾಕ್ ದಿನವಾ?” ಎಂದಳು ಅತ್ತೆ ಮೆಲ್ಲಗೆ. “ಪೀಸಾ ಎಂತ ಆಯ್ತ್ ಮಗಾ?”

“ಅದ್ ವಾಲ್ಕಂಡೇ ಇರ್ತಿತ್ತ್ ಅತ್ತೆ. ಬೀಳುದಿಲ್ಲೆ.”

ಅತ್ತೆ ಜೋರಾಗಿ ನಕ್ಕಳು. ನಗುತ್ತಲೇ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡು ಥಟ್ಟನೆ ಎದ್ದಳು. ಫೋನು ಅಲ್ಲಾಡಿತು. ನೆಲ, ಗೋಡೆ, ಮತ್ತೆ ನೆಲ ಕಂಡಿತು.

“ತಡಿ, ತಡಿ, ಇಲ್ ಕಾಣ್. ಇದ್ ಎಂತ ಹೇಳ್?”

ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿ ಎರಡು ಹಾಸಿಗೆ ನಿಲ್ಲಿಸಿದ್ದಳು.

“ಕೆಳಗಿನ ಮನೆ ಅಜ್ಜಿ ಹತ್ರ ಕೇಳಿ ತಂದದ್ದ್. ಹೋದ್ ತಿಂಗಳೇ ತಂದಿಟ್ಟಿದ್ದೆ. ಮೊನ್ನೆ ವಾಪಸ್ ಕೊಡುವ ಅಂದ್ಕಂಡೆ. ಮತ್ತೆ ಮನಸ್ಸ್ ಬರ್ಲಿಲ್ಲೆ.” ಅವಳ ಮಾತು ಈಗ ಓಡುತ್ತಿತ್ತು, ಗಂಗೊಳ್ಳಿಯಲ್ಲಿ ಇದ್ದಾಗಿನ ಹಾಗೆ. “ಆ ಅಜ್ಜಿ ದಿನಾ ಕೇಳ್ತ್ರ್, ನಿಮ್ಮ್ ಜನ ಯಾವಾಗ ಬಪ್ದ್ ಅಂತ. ಬೆಳಿಗ್ಗೆ ನಾನ್ ಲ್ಯಾಬಿಗೆ ಹೋಯಿ ಎರಡ್ ಗಂಟೆಗೆ ಬತ್ತೆ, ಆಯ್ತಾ? ಮತ್ತೆ ಮೀನ್ ಮಾರ್ಕೆಟಿಗೆ ಹೋಪ. ಇಲ್ಲೂ ಬಂಗುಡೆ ಸಿಕ್ಕತ್ತ್ ಕಾಣ್, ಆದ್ರೆ ಸಾರಿಗೆ ಹುಳಿ ಸರಿ ಆತಿಲ್ಲೆ. ಅತ್ತಿಗೆ ಇದ್ರಾ ಅಲ್ಲಿ? ಅತ್ತಿಗೆ, ಸ್ವಲ್ಪ ಹುಣ್ಸೆಹಣ್ಣ್ ತನ್ನಿ!”

“ತತ್ತೆ, ತತ್ತೆ!” ಎನ್ನುತ್ತ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಅಪ್ಪನೂ ಬಂದು ಹಿಂದೆ ನಿಂತರು.

ಅತ್ತೆ ಕಿಟಕಿ ತೆರೆದಳು. ಕೆಳಗೆ ಕಾಲುವೆ, ಅದರ ಮೇಲೊಂದು ಸಣ್ಣ ಸೇತುವೆ, ಬಿಸಿಲು, ಬಣ್ಣಬಣ್ಣದ ದೋಣಿಗಳು. ದೋಣಿಯ ಮೇಲೆ ಒಬ್ಬರು ಬಲೆ ಬಿಡಿಸುತ್ತಿದ್ದರು. “ಅವ್ರ ಪರಿಚಯ ಮಾಡಿಸ್ತೆ. ಆ ಮೂಲೆ ಅಂಗಡಿ ಕಂಡ್ತಾ? ಅಲ್ಲಿ ಬ್ರೆಡ್ ಬಿಸಿಬಿಸಿ ಇರ್ತಿತ್ತ್. ಮತ್ತೆ ಈ ಸಂಕ ದಾಟಿರೆ...”

ನವ್ಯಾ ಎರಡೂ ಕೈಯಲ್ಲಿ ಫೋನನ್ನು ಗಟ್ಟಿಯಾಗಿ, ಅಲುಗಾಡದ ಹಾಗೆ ಹಿಡಿದುಕೊಂಡಳು. ನಡುವೆ ಏನೂ ಕೇಳಲಿಲ್ಲ, ಅವಸರ ಮಾಡಲಿಲ್ಲ.

ಅತ್ತೆಗೆ ತೋರಿಸುವುದು ಇನ್ನೂ ಬಹಳ ಇತ್ತು.